ಮಳೆಗಾಲದಲ್ಲಿ ಗೋಸುಂಬೆಯ ಗೂಡಿಗೆ ಫಾಗರ್ ಬೇಕಾ?

ಪ್ರಶ್ನೆ: ಮೇಡಂ, ನಮ್ಮ ಮನೆ ಉಡುಪಿಯ ಕುಂಜಿಬೆಟ್ಟಿನಲ್ಲಿ. ವೇಲ್ಡ್ ಕ್ಯಾಮೆಲಿಯನ್ ಎಂಬ ಹೊರದೇಶದ ಜಾತಿಯ ಒಂದು ಗಂಡು ಗೋಸುಂಬೆ ಸಾಕಿದ್ದೇನೆ. ಗಾಜಿನ ಗೂಡು, ಮೇಲ್ಗಡೆ ಮಾತ್ರ ಜಾಲರಿ. ರಾತ್ರಿ ಗಾಳಿಯ ತೇವಾಂಶ ಶೇಕಡಾ 80ರಿಂದ 100 ಇರಬೇಕು ಎಂದು ವಿದೇಶಿ ವಿಡಿಯೊಗಳಲ್ಲಿ ಹೇಳುತ್ತಾರೆ. ಅದಕ್ಕೇ ರಾತ್ರಿ 12ರಿಂದ 5ರವರೆಗೆ ಫಾಗರ್, ಅಂದರೆ ಗೂಡಿಗೆ ಮಂಜು ಬಿಡುವ ಯಂತ್ರ, ಓಡಿಸುತ್ತೇನೆ. ಜೂನ್ ಬಂದ ಮೇಲೆ ಬೆಳಿಗ್ಗೆ ಗಾಜಿನ ಮೇಲೆಲ್ಲ ನೀರು ಇಳಿಯುತ್ತಿರುತ್ತದೆ. ಕೊಂಬೆಗೆ ಬೂಷ್ಟು ಹಿಡಿದಿದೆ. ಮಧ್ಯಾಹ್ನವಾದರೂ ಒಣಗುವುದಿಲ್ಲ. ಫ್ಯಾನ್ ಇಡೋಣ ಎಂದರೆ ಅದಕ್ಕೆ ಶೀತವಾಗುತ್ತದೆ ಎಂದು ಅಮ್ಮ ಬಿಡುತ್ತಿಲ್ಲ. ಏನು ಮಾಡಲಿ?

ಉತ್ತರ: ಫಾಗರನ್ನು ಇವತ್ತೇ ತೆಗೆದು ಅಟ್ಟಕ್ಕೆ ಹಾಕಿ. ಡಿಸೆಂಬರ್‌ನಲ್ಲಿ ಬೇಕಾದರೆ ನೋಡೋಣ.

ವಿಡಿಯೊದವರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಅವರ ಮನೆಗೆ ಸರಿ. ಚಳಿಗಾಲ ಪೂರ್ತಿ ಹೀಟರ್ ಹಾಕಿಕೊಂಡಿರುವ ಮನೆಯಲ್ಲಿ ಗಾಳಿ ಒಣಗಿ ಹೋಗಿರುತ್ತದೆ, ರಾತ್ರಿ ತೇವ ಕೊಡಲೇಬೇಕು. ಜುಲೈಯಲ್ಲಿ ನಮ್ಮಲ್ಲಿ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ. ಅದರ ಮೇಲೆ ಫಾಗರ್ ಬೇರೆ ಯಾಕೆ ಹೇಳಿ?

ಇನ್ನೊಂದು ವಿಷಯ. ಅವರು ಹೇಳುವ ತೇವದ ಜೊತೆಗೆ ತಂಪೂ ಇರಬೇಕು. ನಾವು ಅಂಕಿಯನ್ನು ಹಿಡಿದುಕೊಂಡು ತಂಪನ್ನು ಬಿಟ್ಟುಬಿಡುತ್ತೇವೆ. ಈ ಜಾತಿಯ ಊರು ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗ. ಅಲ್ಲಿನ ಬೆಟ್ಟಗಳಲ್ಲಿ ರಾತ್ರಿ ತಣ್ಣಗಾಗುತ್ತದೆ, ಮಂಜು, ಇಬ್ಬನಿ ಬೀಳುತ್ತದೆ, ಬಿಸಿಲೇರಿದ ಮೇಲೆ ಎಲ್ಲ ಒಣಗುತ್ತದೆ. ನಮ್ಮ ಮಳೆಗಾಲದ ರಾತ್ರಿ 23–24 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಕಡಿಮೆ. ತೇವಾಂಶದ ಮೀಟರ್ ಎರಡೂ ಕಡೆ 95 ಎಂದೇ ತೋರಿಸಬಹುದು, ಆದರೆ ಗಾಳಿ ಒಂದೇ ಅಲ್ಲ. 18 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 15 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಅದು 23 ಗ್ರಾಂ. ಬೆಚ್ಚಗಿನ, ಒದ್ದೆಯಾದ, ಅಲುಗಾಡದ ಗಾಳಿ ಎಂದರೆ ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಹಬ್ಬ. ಗೋಸುಂಬೆಗೆ ಶ್ವಾಸಕೋಶದ ಸೋಂಕು ತಗಲುವುದು ಇಂಥ ಗೂಡಿನಲ್ಲೇ ಜಾಸ್ತಿ. ನಾನು ಇಟ್ಟುಕೊಂಡಿರುವ ಲೆಕ್ಕ ಸುಲಭದ್ದು: ರಾತ್ರಿ ಗೂಡಿನೊಳಗೆ 20 ಡಿಗ್ರಿಯ ಹತ್ತಿರಕ್ಕೆ ಇಳಿಯದಿದ್ದರೆ ಮಂಜು ಬೇಡ.

ಇನ್ನು ಫ್ಯಾನ್. ಅಮ್ಮನ ಮಾತು ಅರ್ಧ ಸರಿ. ಮಲಗಿದ ಪ್ರಾಣಿಗೆ ನೇರವಾಗಿ ಗಾಳಿ ಬಡಿಯಬಾರದು. ಆದರೆ ಗಾಳಿಯೇ ಬೇಡ ಎಂದಲ್ಲ. ಹಗಲಲ್ಲಿ ಗೂಡನ್ನು ಬೆಚ್ಚಗಿಡುವ ದೀಪದ ಬಿಸಿಗೆ ಗಾಳಿ ಮೇಲೇರಿ ಜಾಲರಿಯಿಂದ ಹೊರಗೆ ಹೋಗುತ್ತದೆ. ಕೆಳಗೆ ಕಿಂಡಿ ಇದ್ದರೆ ಅಲ್ಲಿಂದ ಹೊಸ ಗಾಳಿ ಬರುತ್ತದೆ. ರಾತ್ರಿ ದೀಪ ಆರಿದ ಮೇಲೆ ಈ ಓಡಾಟ ನಿಂತೇ ಹೋಗುತ್ತದೆ. ನಿಮ್ಮ ಗೂಡಿಗಂತೂ ಕೆಳಗೆ ಕಿಂಡಿಯೇ ಇಲ್ಲ. ರಾತ್ರಿಯ ಗಾಳಿ ಬೆಳಿಗ್ಗೆವರೆಗೂ ಅಲ್ಲೇ ಕೂತಿರುತ್ತದೆ.

ನಾನು ಮಂಗಳೂರಿನ ಬಿಜೈಯಲ್ಲಿರುವವಳು, ನಮ್ಮಲ್ಲೂ ಇದೇ ಹವೆ. ಹಂಪನಕಟ್ಟೆಯ ಕಂಪ್ಯೂಟರ್ ರಿಪೇರಿ ಅಂಗಡಿಯಿಂದ 12 ವೋಲ್ಟ್‌ನ ಹಳೇ ಫ್ಯಾನ್ ತಂದು ಗೂಡಿನ ಮೇಲಿನ ಜಾಲರಿಯ ಒಂದು ಮೂಲೆಗೆ ಕೂರಿಸಿದ್ದೇನೆ. ಅದು ಒಳಕ್ಕೆ ಊದುವುದಿಲ್ಲ, ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ಅಡಾಪ್ಟರ್ 9 ವೋಲ್ಟ್‌ನದು, ಹಾಗಾಗಿ ನಿಧಾನಕ್ಕೆ, ಸದ್ದಿಲ್ಲದೆ ತಿರುಗುತ್ತದೆ. ಇನ್ವರ್ಟರ್ ಇದ್ದರೆ ಅದಕ್ಕೇ ಕೊಡಿ, ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತಲ್ವಾ? ಗಾಳಿ ಎಷ್ಟಿದೆ ಎಂದು ನೋಡಲು ಗೋಸುಂಬೆ ಮಲಗುವ ಕೊಂಬೆಗೆ ಟಿಶ್ಯೂ ಪೇಪರಿನ ತೆಳು ಪಟ್ಟಿ ಕಟ್ಟಿ. ಸ್ವಲ್ಪ ಅಲುಗಿದರೆ ಸಾಕು. ಹಾರಾಡಿದರೆ ಜಾಸ್ತಿಯಾಯಿತು. ನೋಡಿದ ಮೇಲೆ ಪಟ್ಟಿ ಬಿಚ್ಚಿಬಿಡಿ. ಊದುಬತ್ತಿ ಹಚ್ಚಿ ನೋಡಬೇಡಿ, ಆ ಹೊಗೆ ಅದರ ಎದೆಗೆ ಒಳ್ಳೆಯದಲ್ಲ.

ಒಳಗೆ ಬರುವ ಗಾಳಿಗೆ ದಾರಿ ಇಲ್ಲದೆ ಫ್ಯಾನ್ ಇಟ್ಟು ಪ್ರಯೋಜನವಿಲ್ಲ. ಮುಂದಿನ ಬಾಗಿಲಿನ ಕೆಳಭಾಗದಲ್ಲಿ ಒಂದು ಸಾಲು ಗಾಜು ತೆಗೆಸಿ ಜಾಲರಿ ಹಾಕಿಸಿ. ಕೈಯಲ್ಲಿ ದುಡ್ಡಿದ್ದರೆ ನಾಲ್ಕೂ ಕಡೆ ಜಾಲರಿಯಿರುವ ಗೂಡೇ ಒಳ್ಳೆಯದು. ಕರಾವಳಿಗೆ ಗಾಜಿನ ಗೂಡು ಯಾಕೆ ಮಾರುತ್ತಾರೋ ನನಗೆ ಅರ್ಥವಾಗಿಲ್ಲ. ಗೂಡನ್ನು ಗೋಡೆಗೆ ತಾಗಿಸಬೇಡಿ, ಮಳೆಗಾಲದಲ್ಲಿ ಕೆಂಪುಕಲ್ಲಿನ ಗೋಡೆ ತಾನೇ ಒದ್ದೆಯಾಗಿರುತ್ತದೆ. ಬೂಷ್ಟು ಹಿಡಿದ ಕೊಂಬೆ ಎಸೆಯಿರಿ. ತೆಂಗಿನ ನಾರು, ಮಣ್ಣು ಹಾಸಿದ್ದರೆ ಅದನ್ನೂ ತೆಗೆಯಿರಿ, ಬರೀ ತಳ ಸಾಕು. ದಾಸವಾಳ, ಮನಿಪ್ಲಾಂಟ್ ಕುಂಡದಲ್ಲಿರಲಿ.

ನೀರು ಕಡಿಮೆಯಾಗುತ್ತದೆ ಎಂದು ಹೆದರಬೇಡಿ. ಬೆಳಿಗ್ಗೆ ದೀಪ ಹಾಕುವ ಮೊದಲು ಒಂದೆರಡು ನಿಮಿಷ ಎಲೆಗಳಿಗೆ ನೀರು ಸಿಂಪಡಿಸಿ. ಮಧ್ಯಾಹ್ನದೊಳಗೆ ಎಲೆ, ಕೊಂಬೆ ಒಣಗಲೇಬೇಕು. ಒಣಗದಿದ್ದರೆ ಸಿಂಪಡಿಸುವುದನ್ನು ಕಡಿಮೆ ಮಾಡಿ, ಎಲೆಯ ಮೇಲೆ ಹನಿಹನಿಯಾಗಿ ಬೀಳುವ ಡ್ರಿಪ್ಪರ್ ಇಟ್ಟು ಕುಡಿಯಲು ಬಿಡಿ. ಹಿಕ್ಕೆಯ ಜೊತೆ ಬರುವ ಗಟ್ಟಿ ಮೂತ್ರ ಬಿಳಿ ಇದ್ದರೆ ನೀರು ಸಾಕಾಗಿದೆ. ಪೂರ್ತಿ ಕಿತ್ತಳೆ ಬಣ್ಣವಾದರೆ ಸಾಕಾಗಿಲ್ಲ.

ಮೀಟರನ್ನೂ ಒಮ್ಮೆ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಕೆಸರಿನ ಹದಕ್ಕೆ ತನ್ನಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ 75ರ ಆಸುಪಾಸು ತೋರಿಸಬೇಕು. 85 ತೋರಿಸಿದರೆ ಇನ್ನು ಮುಂದೆ 10 ಕಳೆದು ಓದಿ. ಗೂಡಿನಲ್ಲಿ ಅದನ್ನು ಮಲಗುವ ಕೊಂಬೆಯ ಎತ್ತರದಲ್ಲೇ ತೂಗುಹಾಕಿ.

ದೀಪದ ಬಿಸಿಗೆ ಬಾಯಿ ತೆರೆಯುವುದು ಸಹಜ. ಆದರೆ ರಾತ್ರಿಯೋ ಬೆಳಗಿನ ಜಾವವೋ ಬಾಯಿ ತೆರೆದು ತಲೆ ಮೇಲಕ್ಕೆತ್ತಿ ಉಸಿರಾಡುತ್ತಿದ್ದರೆ, ಉಸಿರಿನಲ್ಲಿ ಸಿಳ್ಳೆಯೋ ಚಟಚಟ ಸದ್ದೋ ಇದ್ದರೆ, ಬಾಯಂಚಿನಲ್ಲಿ ಲೋಳೆ ಕಂಡರೆ, ಹಗಲಲ್ಲೂ ಕಣ್ಣು ಮುಚ್ಚಿ ಕೂತಿದ್ದರೆ ಕಾಯಬೇಡಿ. ಸರೀಸೃಪ ನೋಡುವ ಪಶುವೈದ್ಯರ ಹತ್ತಿರ ಅವತ್ತೇ ಹೋಗಿ. ಮನೆಯಲ್ಲಿರುವ ಸಿರಪ್ ಕುಡಿಸಬೇಡಿ.

ಪ್ರಶ್ನೆ: ಅಕ್ಕಾ, ಬಯಲುಸೀಮೆಯಲ್ಲಿರುವ ಮಾವನ ತೋಟದಲ್ಲಿ ಗೋಸುಂಬೆ ಸಿಕ್ಕಿದೆ. ಸುರತ್ಕಲ್‌ಗೆ ತಂದು ಸಾಕಬಹುದಾ?

ಉತ್ತರ: ಬೇಡ. ಅದು ನಮ್ಮ ದೇಶದ್ದೇ ಜಾತಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಹಿಡಿದರೂ ಸಾಕಿದರೂ ಅಪರಾಧ. ಸಿಕ್ಕಿದ ಮರದಲ್ಲೇ ಬಿಟ್ಟುಬಿಡಲು ಮಾವನಿಗೆ ಹೇಳಿ. ಹೊರದೇಶದ ಜಾತಿ ಸಾಕುವವರಿಗೂ ಒಂದು ಮಾತು: 2024ರಲ್ಲಿ ಬಂದ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕೊಳ್ಳುವಾಗಲೇ ಮಾರುವವರ ಹತ್ತಿರ ಕಾಗದಪತ್ರ ಕೇಳಿ, ಕೊಡದಿದ್ದರೆ ಆ ಅಂಗಡಿಯಿಂದ ಹೊರಗೆ ಬನ್ನಿ.