ಫರಸಿಯ ಮೇಲೆ ಟೈಲ್ಸ್ ಹಾಕಿಸುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೆಲಕ್ಕೆ ಸಂಬಂಧಿಸಿದವು. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಹೋಗಿದೆ, ಏಕೆಂದರೆ ಉಳಿದ ಮೂರರ ಬೇರು ಅದರಲ್ಲೇ ಇದೆ.

ಪ್ರಶ್ನೆ: ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಸುಮಾರು 40 ವರ್ಷದ ಮನೆಯಿದೆ. ಪಡಸಾಲೆ 12 ಅಡಿಗೆ 14 ಅಡಿ, ನೆಲಕ್ಕೆ ಶಹಾಬಾದ್ ಫರಸಿ, ಅಂದರೆ ಕಲ್ಲಿನ ಚಪ್ಪಡಿ. ಒಂದು ಬದಿಯಲ್ಲಿ ನೆಲ ಒಂದೂವರೆ ಇಂಚಿನಷ್ಟು ತಗ್ಗಿದೆ. ಫರಸಿಯನ್ನು ಕೀಳದೆ ಅದರ ಮೇಲೆಯೇ 2 ಅಡಿಗೆ 4 ಅಡಿಯ ವಿಟ್ರಿಫೈಡ್ ಟೈಲ್ಸ್ ಹಾಕಿಸಬೇಕೆಂದಿದ್ದೇವೆ. ತಗ್ಗಿದ ಕಡೆ ಮಾಲನ್ನು (ಸಿಮೆಂಟು, ಉಸುಕಿನ ಮಿಶ್ರಣವನ್ನು) ದಪ್ಪಗೆ ಹಾಕಿದರೆ ಮಟ್ಟವಾಗುತ್ತದೆ ಎಂದು ಗೌಂಡಿ ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಫರಸಿಯ ಮೇಲೆ ಟೈಲ್ಸ್ ಹಾಕಬಹುದು. ಆದರೆ ಟೈಲ್ಸ್ ಕೂರಿಸುವ ಮಾಲಿನಿಂದಲೇ ಒಂದೂವರೆ ಇಂಚಿನ ತಗ್ಗನ್ನು ಮುಚ್ಚುವುದನ್ನು ನಾನು ಒಪ್ಪಲಾರೆ. ಒಂದೇ ಕೋಣೆಯಲ್ಲಿ ಮಾಲು ಒಂದು ಕಡೆ ಅರ್ಧ ಇಂಚು, ಇನ್ನೊಂದು ಕಡೆ ಎರಡು ಇಂಚು ಇದ್ದರೆ ಒಣಗುವಾಗ ಅದು ಒಂದೇ ಸಮನಾಗಿ ಕುಗ್ಗುವುದಿಲ್ಲ. ದಪ್ಪಗಿರುವ ಕಡೆ ಹೆಚ್ಚು ಇಳಿಯುತ್ತದೆ, ಅಲ್ಲಿ ಟೈಲ್ಸಿನ ಅಡಿ ಪೊಳ್ಳಾಗುತ್ತದೆ. ನೆಲವನ್ನು ಮಟ್ಟ ಮಾಡುವುದು ಒಂದು ಕೆಲಸ, ಟೈಲ್ಸ್ ಅಂಟಿಸುವುದು ಇನ್ನೊಂದು. ಎರಡರ ನಡುವೆ ಕೆಲವು ದಿನಗಳ ಅಂತರ ಬೇಕು.

ಅದಕ್ಕೂ ಮೊದಲು ಆ ತಗ್ಗು ಎಲ್ಲಿಂದ ಬಂತು ಎಂಬುದನ್ನು ತಿಳಿಯಬೇಕು. ಗೌಂಡಿಯವರು ಬಳಸುವ ಪಾರದರ್ಶಕ ಪೈಪಿನಲ್ಲಿ ಗುಳ್ಳೆಯಿಲ್ಲದಂತೆ ನೀರು ತುಂಬಿಸಿ, ನಾಲ್ಕೂ ಗೋಡೆಗಳ ಮೇಲೆ ನೆಲದಿಂದ ಸುಮಾರು 3 ಅಡಿ ಎತ್ತರದಲ್ಲಿ ಒಂದೇ ಮಟ್ಟದ ಗುರುತು ಹಾಕಿಸಿರಿ. ಆ ಗುರುತುಗಳ ನಡುವೆ ದಾರ ಬಿಗಿದು, ಎರಡೆರಡು ಅಡಿಗೊಮ್ಮೆ ದಾರದಿಂದ ನೆಲಕ್ಕೆ ಎಷ್ಟು ಇಂಚು ಎಂದು ಅಳೆದು ಅಲ್ಲಲ್ಲಿಯೇ ಸೀಮೆಸುಣ್ಣದಿಂದ ಬರೆಯುತ್ತ ಹೋಗಿರಿ. ಅಂಕಿ ಎಲ್ಲಿ ಕಡಿಮೆಯೋ ಅಲ್ಲಿ ನೆಲ ಎತ್ತರ, ಎಲ್ಲಿ ಹೆಚ್ಚೋ ಅಲ್ಲಿ ತಗ್ಗು. ಇದಕ್ಕೆ ಅರ್ಧ ತಾಸು ಸಾಕು. ಆದರೂ ಬಹಳ ಮನೆಗಳಲ್ಲಿ ಇದನ್ನು ಯಾರೂ ಮಾಡಿರುವುದಿಲ್ಲ. ಕಣ್ಣಳತೆಯ ಮೇಲೆಯೇ ಉಸುಕು, ಸಿಮೆಂಟು ತರಿಸಿಬಿಟ್ಟಿರುತ್ತಾರೆ.

ಬರೆದ ಅಂಕಿಗಳು ಒಂದು ಗೋಡೆಯಿಂದ ಎದುರಿನ ಗೋಡೆಯವರೆಗೆ ಸಮನಾಗಿ ಏರುತ್ತ ಹೋಗಿದ್ದರೆ ನಿಮ್ಮ ನೆಲ ಕುಸಿದಿಲ್ಲ ಎಂದೇ ಹೇಳಬಹುದು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಪಡಸಾಲೆಯನ್ನು ಕೊಡಗಟ್ಟಲೆ ನೀರು ಸುರಿದು ತೊಳೆಯುತ್ತಿದ್ದರು. ಆ ನೀರು ಹರಿದುಹೋಗಲೆಂದು ಫರಸಿ ಹಾಕುವಾಗಲೇ ಢಾಳು, ಅಂದರೆ ಇಳಿಜಾರು, ಕೊಡುತ್ತಿದ್ದರು. ಅದು ಆಗಿನ ಗೌಂಡಿಯ ಜಾಣತನ, ತಪ್ಪಲ್ಲ. ಅದಕ್ಕೆ ಬದಲಾಗಿ ಅಂಕಿಗಳು ಒಂದು ಮೂಲೆಯಲ್ಲಿ ಮಾತ್ರ ಬಟ್ಟಲಿನಂತೆ ತಗ್ಗನ್ನು ತೋರಿಸಿದರೆ, ಅಲ್ಲಿನ ಗೋಡೆಯಲ್ಲಿ ಬಿರುಕಿದ್ದರೆ, ಅಥವಾ ಹತ್ತಿರದಲ್ಲೇ ಬಚ್ಚಲಿನ ಪೈಪು ಹೋಗಿದ್ದರೆ, ಫರಸಿಯ ಅಡಿಯ ಭರ್ತಿ ಮಣ್ಣು ಇಳಿದಿದೆ ಎಂದು ತಿಳಿಯಿರಿ. ಆಗ ಅಷ್ಟು ಭಾಗದ ಫರಸಿಯನ್ನು ಎಬ್ಬಿಸಲೇಬೇಕು. ಸೋರುವ ಪೈಪನ್ನು ಮೊದಲು ಸರಿಪಡಿಸಿ, ಸಡಿಲ ಮಣ್ಣನ್ನು ತೆಗೆದು, ಮುರುಮನ್ನು (ಗರಸು ಮಣ್ಣನ್ನು) ಆರಾರು ಇಂಚಿನ ಪದರಗಳಲ್ಲಿ ಹಾಕಿ, ನೀರುಣಿಸಿ, ಧಮ್ಮಸ್ಸಿನಿಂದ ಬಡಿದು, ಅದರ ಮೇಲೆ 3 ಇಂಚಿನ ಕಾಂಕ್ರೀಟ್ ಹಾಸಬೇಕು. ಇಳಿಯುತ್ತಿರುವ ನೆಲದ ಮೇಲೆ ಏನು ಹಾಸಿದರೂ ಅದು ನೆಲದೊಂದಿಗೇ ಇಳಿಯುತ್ತದೆ.

ನಿಮ್ಮದು ಢಾಳಿನ ನೆಲವೆಂದೇ ಇಟ್ಟುಕೊಳ್ಳೋಣ. ಈಗ ಪ್ರತಿಯೊಂದು ಫರಸಿಯನ್ನೂ ಕಟ್ಟಿಗೆಯ ತುಂಡಿನಿಂದ ತಟ್ಟಿ ನೋಡಿರಿ. ಗಟ್ಟಿ ಸದ್ದು ಬಂದರೆ ಕಲ್ಲು ಕೂತಿದೆ, ಡಬಡಬ ಎಂದರೆ ಅಡಿಯಲ್ಲಿ ಪೊಳ್ಳು. ಮೂಲೆಯ ಮೇಲೆ ಕಾಲಿಟ್ಟಾಗ ಅಲುಗುವ ಕಲ್ಲುಗಳನ್ನೂ ಗುರುತು ಮಾಡಿರಿ. ಎಣಿಸಿದಾಗ ಹತ್ತರಲ್ಲಿ ಒಂದೆರಡು ಸಡಿಲವಿದ್ದರೆ ಅವನ್ನಷ್ಟೇ ಎಬ್ಬಿಸಿ, ಹೊಸ ಮಾಲಿನಲ್ಲಿ ಕೂರಿಸಬಹುದು. ನಾಲ್ಕೈದು ಸಡಿಲವಿದ್ದರೆ ಪೂರ್ತಿ ಕೀಳಿಸುವುದೇ ಲೇಸು. ಕಿತ್ತಾಗ ಕಲ್ಲು ಮತ್ತು ಹಳೆಯ ಮಾಲು ಸೇರಿ ಎರಡು ಮೂರು ಇಂಚಿನಷ್ಟು ಎತ್ತರ ಉಳಿಯುತ್ತದೆ. ಬಾಗಿಲು ಕೊಯ್ಯಿಸುವ, ಹೊಸ್ತಿಲು ಮುಳುಗುವ ತಾಪತ್ರಯವೂ ತಪ್ಪುತ್ತದೆ. ಒಡೆಯದೆ ಬಂದ ಕಲ್ಲುಗಳನ್ನು ಅಂಗಳಕ್ಕೆ ಹಾಕಿಸಿಕೊಳ್ಳಿರಿ. ಅಷ್ಟು ದಪ್ಪನೆಯ ಹಳೆಯ ಕಲ್ಲನ್ನು ಗಾಡಿ ತುಂಬಿಸಿ ಹೊರಗೆ ಚೆಲ್ಲಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕೀಳದೆ ಮುಂದುವರಿಯುವುದಾದರೆ ಕಲ್ಲಿನ ಮೈಯನ್ನು ತಯಾರು ಮಾಡುವುದರಲ್ಲೇ ಅರ್ಧ ಕೆಲಸವಿದೆ. ನಲವತ್ತು ವರ್ಷ ಕಾಲಾಡಿ, ಎಣ್ಣೆ ಮೆತ್ತಿ, ಫರಸಿ ಗಾಜಿನಂತೆ ನುಣುಪಾಗಿರುತ್ತದೆ, ಅದರ ಮೇಲೆ ಸಿಮೆಂಟು ಹಿಡಿಯುವುದಿಲ್ಲ. ಎಣ್ಣೆ, ಮೇಣ, ಬಣ್ಣ ಏನಿದ್ದರೂ ಬಟ್ಟೆ ಒಗೆಯುವ ಸೋಡಾ ಬೆರೆಸಿದ ನೀರಿನಿಂದ ತಿಕ್ಕಿ ತೊಳೆಸಿ, ಉಳಿ ಸುತ್ತಿಗೆಯಿಂದ ಒತ್ತೊತ್ತಾಗಿ ಕಚ್ಚು ಹೊಡೆಸಿರಿ. ಬೇಗ ಮುಗಿಯಲಿ ಎಂದು ಆ್ಯಸಿಡ್ ಸುರಿಯಬೇಡಿರಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದಲ್ಲಿ ನೊರೆಯೆದ್ದು ಮೇಲ್ಪದರವೇ ಪುಡಿಯಾಗುತ್ತದೆ. ಆ ಪುಡಿಯ ಮೇಲೆ ಹಾಕಿದ ಮಾಲು ಪುಡಿಯೊಂದಿಗೇ ಎದ್ದು ಬರುತ್ತದೆ. ಕಚ್ಚು ಹೊಡೆದ ಮೇಲೆ ದೂಳನ್ನು ತೆಗೆದು, ಕಲ್ಲನ್ನು ನೆನೆಸಿ, ನಿಂತ ನೀರನ್ನು ಒರೆಸಿ, ಬಾಂಡಿಂಗ್ ದ್ರಾವಣ ಬೆರೆಸಿದ ಸಿಮೆಂಟಿನ ತೆಳು ಗಂಜಿ ಬಳಿಯಬೇಕು. ಅದು ಒಣಗುವ ಮೊದಲೇ ಮಟ್ಟದ ಮಾಲು ಬೀಳಬೇಕು.

ಮಟ್ಟದ ಮಾಲಿಗೆ ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಉಸುಕು ಸರಿ. ಒಂದು ಗೋಡೆಯ ಬಳಿ ಏನೂ ಇಲ್ಲದೆ ಎದುರಿನ ಗೋಡೆಯ ಬಳಿ ಒಂದೂವರೆ ಇಂಚು ಎಂದರೆ ಸರಾಸರಿ ಮುಕ್ಕಾಲು ಇಂಚು. ನಿಮ್ಮ 168 ಚದರ ಅಡಿಗೆ ಹತ್ತೂವರೆ ಘನ ಅಡಿ ಮಾಲು ಬೇಕಾಗುತ್ತದೆ. ಇದಕ್ಕೆ ಸುಮಾರು ಎರಡೂಕಾಲು ಚೀಲ ಸಿಮೆಂಟು, 11 ಘನ ಅಡಿ ಉಸುಕು ಹಿಡಿಯುತ್ತದೆ. ಇದರ ಭಾರ ಆರು ಕ್ವಿಂಟಲ್ ದಾಟುತ್ತದೆ. ನೆಲಮನೆಗೆ ಇದರಿಂದ ತೊಂದರೆಯಿಲ್ಲ, ಮೇಲಂತಸ್ತಿನ ಹಳೆಯ ಚಾವಣಿಯಾಗಿದ್ದರೆ ಎಂಜಿನಿಯರ್ ನೋಡದೆ ಹಾಕಿಸಬಾರದು. ಇಲ್ಲಿ ಇನ್ನೊಂದು ತೊಡಕಿದೆ. ಅರ್ಧ ಇಂಚಿಗಿಂತ ತೆಳುವಾದ ಸಾದಾ ಮಾಲು ನಿಲ್ಲುವುದಿಲ್ಲ, ಹಪ್ಪಳದಂತೆ ಸೀಳಿ ಏಳುತ್ತದೆ. ಆದ್ದರಿಂದ ಎತ್ತರದ ಗೋಡೆಯ ಬಳಿ ಮಾಲು ತೆಳುವಾಗುತ್ತ ಬರುವ ಭಾಗಕ್ಕೆ ಪಾಲಿಮರ್ ಬೆರೆಸಿದ ಸಿದ್ಧ ಮಾಲನ್ನೇ ಬಳಸಬೇಕು.

ಹಾಸಿದ ಮಾಲನ್ನು ಅಲ್ಯೂಮಿನಿಯಂ ಪಟ್ಟಿಯಿಂದ ಎಳೆದು, ರಂಧಾ (ಮಾಲನ್ನು ತೀಡುವ ಹಲಗೆ) ಹೊಡೆದು, ಮೈ ಒರಟಾಗಿರುವಂತೆಯೇ ಬಿಟ್ಟು, ಏಳು ದಿನವಾದರೂ ಒದ್ದೆಯಾಗಿಡಿರಿ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೆಳಿಗ್ಗೆ ಹೊಡೆದ ನೀರು ಮಧ್ಯಾಹ್ನಕ್ಕೆ ಉಳಿಯುವುದಿಲ್ಲವಾದ್ದರಿಂದ ಒದ್ದೆ ಗೋಣಿತಟ್ಟು ಹೊದಿಸುವುದು ಒಳ್ಳೆಯದು. ಆಮೇಲೆ 10 ಅಡಿಯ ಪಟ್ಟಿಯನ್ನು ನೆಲದ ಮೇಲೆ ಎಲ್ಲ ದಿಕ್ಕಿಗೂ ಇಟ್ಟು ನೋಡಿರಿ. ನೀವು ಹೇಳಿದಷ್ಟು ದೊಡ್ಡ ಟೈಲ್ಸಿಗೆ ಪಟ್ಟಿಯ ಅಡಿಯಲ್ಲಿ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಕಾಣಬಾರದು. ಇಷ್ಟಾದ ಮೇಲೆ ಟೈಲ್ಸನ್ನು ಸಿಮೆಂಟ್ ಗಂಜಿಯಲ್ಲಲ್ಲ, ಚೀಲದಲ್ಲಿ ಸಿಗುವ ಟೈಲ್ಸ್ ಅಂಟಿನಲ್ಲಿ, ಅಂದರೆ ಅಡೆಸಿವ್‌ನಲ್ಲಿ ಕೂರಿಸಬೇಕು. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಅರ್ಧ ಶೇಕಡಕ್ಕಿಂತ ಹೆಚ್ಚಿಲ್ಲ, ಹಾಗಾಗಿ ಬರಿಯ ಸಿಮೆಂಟು ಅದರ ಬೆನ್ನನ್ನು ಹಿಡಿಯುವುದಿಲ್ಲ. ಚೀಲದ ಮೇಲೆ ಐಎಸ್ 15477 ಎಂಬ ಮಾನಕದ ಸಂಖ್ಯೆ ಇದೆಯೇ, ವಿಟ್ರಿಫೈಡ್‌ಗೆ ಎಂದು ಬರೆದಿದೆಯೇ ನೋಡಿಕೊಳ್ಳಿರಿ.

ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ಕಲ್ಲುಗಳೆಲ್ಲ ಗಟ್ಟಿಯಾಗಿದ್ದು, ಢಾಳು ಮಾತ್ರವೇ ನಿಮ್ಮ ಅಸಮಾಧಾನಕ್ಕೆ ಕಾರಣವಾಗಿದ್ದರೆ, ಇರುವ ಫರಸಿಗೇ ಪಾಲಿಶ್ ಮಾಡಿಸಿ ಸಂದುಗಳನ್ನು ಹೊಸದಾಗಿ ತುಂಬಿಸುವುದನ್ನೂ ಯೋಚಿಸಿರಿ. ಬೇಸಿಗೆಯಲ್ಲಿ ಬರಿಮೈಯಲ್ಲಿ ಅದರ ಮೇಲೆ ಮಲಗಿದವರಿಗೆ ಈ ಕಲ್ಲಿನ ತಂಪು ಗೊತ್ತು.

ಪ್ರಶ್ನೆ: ಜೇವರ್ಗಿ ತಾಲ್ಲೂಕಿನ ಹಳ್ಳಿಯಲ್ಲಿ ಎರಡು ವರ್ಷದ ಹಿಂದೆ ಹೊಸ ಮನೆ ಕಟ್ಟಿಸಿದೆವು. ನಡುಮನೆಯಲ್ಲಿ ಒಂದು ಸಾಲು ಟೈಲ್ಸ್ ಎದ್ದಿದೆ. ಮಾಲು ಕಳಪೆ ಎಂದು ಒಬ್ಬರು, ಟೈಲ್ಸೇ ಕಳಪೆ ಎಂದು ಇನ್ನೊಬ್ಬರು ಹೇಳುತ್ತಾರೆ. ಅದೇ ಜಾಗದಲ್ಲಿ ಮತ್ತೆ ಕೂರಿಸಬಹುದೇ?

ಉತ್ತರ: ಎದ್ದ ಟೈಲ್ಸನ್ನು ತೆಗೆದು, ಅದರ ಅಡಿಯ ಹಾಸನ್ನು ಗುಡಿಸಿ, ಉದ್ದನೆಯ ಪಟ್ಟಿಯನ್ನು ಆ ಹಾಸಿನ ಮೇಲೆ ಇಡಿರಿ. ಹಾಸು ಮಟ್ಟವಾಗಿಯೇ ಇದ್ದು ಟೈಲ್ಸ್ ಮಾತ್ರ ಇಸ್ಪೀಟಿನ ಎರಡು ಎಲೆ ಒಂದಕ್ಕೊಂದು ಆನಿಸಿ ನಿಲ್ಲಿಸಿದಂತೆ ಎದ್ದಿದ್ದರೆ, ಸಂದು ಬಿಡದೆ ಒಂದಕ್ಕೊಂದು ಒತ್ತಿ ಕೂರಿಸಿದ್ದೇ ಕಾರಣ. ಬಿಸಿಗೆ ಹಿಗ್ಗಲು ಜಾಗವಿಲ್ಲದೆ ಒಂದು ಸಾಲು ಮೇಲೇಳುತ್ತದೆ, ಕೆಲವೊಮ್ಮೆ ಪಟಾಕಿಯಂತೆ ಸದ್ದನ್ನೂ ಮಾಡುತ್ತದೆ. ಮತ್ತೆ ಕೂರಿಸುವಾಗ ನಡುವೆ 2ರಿಂದ 3 ಮಿಲಿಮೀಟರ್ ಸಂದು ಬಿಡಿಸಿರಿ. ಗೋಡೆಯ ಬುಡದಲ್ಲಿ 6 ಮಿಲಿಮೀಟರಿನಷ್ಟು ಖಾಲಿ ಬಿಡಿಸಿರಿ, ಅದು ಸ್ಕರ್ಟಿಂಗ್‌ನ (ಗೋಡೆಯ ಬುಡಕ್ಕೆ ಹಚ್ಚುವ ಪಟ್ಟಿಯ) ಅಡಿಗೆ ಮರೆಯಾಗುತ್ತದೆ.

ಹಾಸೇ ಉಬ್ಬಿದ್ದರೆ ಅಥವಾ ಬಿರಿದಿದ್ದರೆ ಟೈಲ್ಸನ್ನೂ ಮಾಲನ್ನೂ ದೂರಬೇಡಿರಿ. ನಿಮ್ಮದು ಎರೆ ಭೂಮಿ. ಆ ಮಣ್ಣಿನ ಜೇಡಿ ಮಳೆಗಾಲದಲ್ಲಿ ನೀರು ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಹೊಲದಲ್ಲಿ ನೀವು ವರ್ಷವೂ ನೋಡುವ ಬಿರುಕು ಮನೆಯ ಅಡಿಯಲ್ಲಿ ಇರುವುದಿಲ್ಲವೆಂದು ಭಾವಿಸುವುದೇ ತಪ್ಪು. ಬುನಾದಿ ತೋಡಿದ ಎರೆ ಮಣ್ಣನ್ನೇ ಗೋಡೆಗಳ ನಡುವೆ ಭರ್ತಿ ಮಾಡಿದ್ದರೆ, ಮತ್ತು ಗಾಡಿ ಖರ್ಚು ಉಳಿಸಲು ಹಾಗೆ ಮಾಡುವುದು ಬಹಳ ಕಡೆ ರೂಢಿಯೇ ಆಗಿದೆ, ನೆಲ ಎಂದಿಗೂ ಒಂದೆಡೆ ನಿಲ್ಲುವುದಿಲ್ಲ. ಆ ಕೋಣೆಯ ಹಾಸನ್ನು ಒಡೆಸಿ, ಎರೆ ಮಣ್ಣನ್ನು ಎರಡು ಅಡಿಯಾದರೂ ತೆಗೆಸಿ, ಮುರುಮು ತುಂಬಿಸಿ, ಮೇಲೆ ಹೇಳಿದಂತೆ ಪದರ ಪದರವಾಗಿ ಬಡಿಸಿರಿ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, 4 ಇಂಚು ಕಾಂಕ್ರೀಟ್ ಹಾಕಿಸಿರಿ. ಮನೆಯ ಸುತ್ತ 3 ಅಡಿ ಅಗಲಕ್ಕೆ ಹೊರಗಿಳಿಯುವಂತೆ ಫರಸಿ ಕಟ್ಟೆ ಮಾಡಿಸಿದರೆ ಚಾವಣಿಯ ನೀರು ಗೋಡೆಯ ಬುಡಕ್ಕೆ ಇಂಗುವುದು ತಪ್ಪುತ್ತದೆ. ಖರ್ಚು ಸಣ್ಣದಲ್ಲ, ಬಲ್ಲೆ. ಈಗಲೇ ಕೈಲಾಗದಿದ್ದರೆ ಸುತ್ತಲಿನ ಕಟ್ಟೆಯನ್ನು ಮೊದಲು ಮಾಡಿಸಿ, ಒಂದು ಮಳೆಗಾಲ ನೆಲ ಹೇಗೆ ನಡೆದುಕೊಳ್ಳುತ್ತದೆಂದು ನೋಡಿ, ಆಮೇಲೆ ಒಡೆಸುವ ತೀರ್ಮಾನಕ್ಕೆ ಬನ್ನಿರಿ.

ಪ್ರಶ್ನೆ: ಬೀದರ್‌ನಲ್ಲಿ ನಮ್ಮ ಮೇಲ್ಮನೆಯ 10 ಅಡಿಗೆ 10 ಅಡಿಯ ಕೋಣೆಗೆ ವಿನೈಲ್ ಹಾಸಬೇಕೆಂದಿದ್ದೇವೆ. ಸಿಮೆಂಟ್ ನೆಲ ಅಲ್ಲಲ್ಲಿ ಏರುಪೇರಾಗಿದೆ. ಸೆಲ್ಫ್ ಲೆವೆಲಿಂಗ್ ಕಾಂಪೌಂಡ್ ಸುರಿದರೆ ಸಾಕೇ?

ಉತ್ತರ: ಸಾಕು, ಆದರೆ ತಾನಾಗಿಯೇ ಮಟ್ಟವಾಗುತ್ತದೆಂಬ ಹೆಸರನ್ನು ಪೂರ್ತಿ ನಂಬಬೇಡಿರಿ. ನೆಲದ ಉಬ್ಬುಗಳನ್ನು ಮೊದಲು ಉಜ್ಜಿಸಿ, ಬಿರುಕುಗಳನ್ನು ಮುಚ್ಚಿಸಿ, ಬಾಗಿಲಿಗೆ ಅಡ್ಡಪಟ್ಟಿ ಕಟ್ಟಿ, ಪ್ರೈಮರ್ ಬಳಿದು ಒಣಗಲು ಬಿಡಿರಿ. ಪ್ರೈಮರ್ ಇಲ್ಲದಿದ್ದರೆ ಒಣ ಸಿಮೆಂಟ್ ನೆಲ ಕಾಂಪೌಂಡಿನ ನೀರನ್ನೆಲ್ಲ ಹೀರಿಕೊಂಡು, ಅದು ಹರಿಯುವ ಮೊದಲೇ ಬಿಗಿದುಬಿಡುತ್ತದೆ. ನೀರನ್ನು ಚೀಲದ ಮೇಲೆ ಬರೆದಷ್ಟೇ ಅಳೆದು ಹಾಕಬೇಕು. ಸರಾಗವಾಗಿ ಹರಿಯಲೆಂದು ಇನ್ನೊಂದು ತಂಬಿಗೆ ಸುರಿದರೆ ಮೇಲ್ಮೈ ಸುಣ್ಣದಂತೆ ಉದುರುತ್ತದೆ. 3 ಮಿಲಿಮೀಟರ್ ದಪ್ಪಕ್ಕೆ ನಿಮ್ಮ ಕೋಣೆಗೆ 50 ಕೆ.ಜಿ.ಯ ಆಸುಪಾಸು ಬೇಕಾದೀತು. ಬೆಳಿಗ್ಗೆಯೇ, ಫ್ಯಾನ್ ನಿಲ್ಲಿಸಿ, ಒಂದೇ ಬಾರಿಗೆ ಸುರಿದು ಮುಗಿಸಿರಿ. ಪೂರ್ತಿ ಒಣಗಿದ ಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಿರಿ. ಹಾಳೆಯ ಅಡಿಯಲ್ಲಿ ಬೆವರು ಕಂಡರೆ ವಿನೈಲ್ ಹಾಸುವುದನ್ನು ಮುಂದೂಡಿರಿ.

ಪ್ರಶ್ನೆ: ಯಾದಗಿರಿಯ ನಮ್ಮ ಮನೆಯ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸುತ್ತಿದ್ದೇವೆ. ಅಲ್ಲಿಯೂ ಹೀಗೆಯೇ ಮಟ್ಟ ಮಾಡಿಸಬೇಕೇ?

ಉತ್ತರ: ಬೇಡ. ಬಚ್ಚಲಿನ ನೆಲ ಉಬ್ಬುತಗ್ಗಿಲ್ಲದೆ ಸಪಾಟಾಗಿರಬೇಕು, ಮಟ್ಟವಾಗಿರಬಾರದು. ಜಾಲರಿಯ ಕಡೆಗೆ 8 ಅಡಿಗೆ ಒಂದು ಇಂಚಿನಂತೆ ಢಾಳು ಕೊಡಿಸಿರಿ. ಆ ಢಾಳು ಅಡಿಯ ಹಾಸಿನಲ್ಲಿಯೇ ಇರಲಿ, ಟೈಲ್ಸ್ ಓರೆ ಮಾಡಿ ತಂದದ್ದಾಗಿರಬಾರದು. ದೊಡ್ಡ ಟೈಲ್ಸ್ ನಾಲ್ಕು ದಿಕ್ಕಿನ ಢಾಳಿಗೆ ಬಗ್ಗುವುದಿಲ್ಲವಾದ್ದರಿಂದ ಅಲ್ಲಿಗೆ ಒಂದು ಅಡಿ ಚೌಕದ, ಜಾರದ ಮೈಯ ಟೈಲ್ಸೇ ಸರಿ. ಹಾಸು ಗಟ್ಟಿಯಾದ ಮೇಲೆ, ಟೈಲ್ಸಿನ ಪೆಟ್ಟಿಗೆ ತೆರೆಯುವ ಮೊದಲು, ದೂರದ ಮೂಲೆಯಲ್ಲಿ ಒಂದು ಬಕೆಟ್ ನೀರು ಸುರಿಸಿ, ಎಲ್ಲಿ ನಿಲ್ಲುತ್ತದೋ ಅಲ್ಲಿ ಗೌಂಡಿಯವರ ಎದುರಿನಲ್ಲೇ ಗುರುತು ಹಾಕಿರಿ.