ಮಣ್ಣು ಯಾರಿಗೆ ಹೊರೆ?

ಪತ್ರ: "ತೆರೆದ ಕಲ್ಲಿದ್ದಲು ಗಣಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಬರೀ ಧೂಳು, ಬರೀ ಕಣ್ಣೀರು. ನಾನು 31 ವರ್ಷ ಅಂಥ ಗಣಿಯಲ್ಲಿ ಎಂಜಿನಿಯರ್ ಆಗಿದ್ದವನು. ಸುರಂಗ ಗಣಿಗಳಲ್ಲಿ ಜನ ಹೇಗೆ ಸಾಯುತ್ತಿದ್ದರು ಅಂತ ನಿಮ್ಮ ಲೇಖಕರಿಗೆ ಗೊತ್ತಾ? ಮೇಲಿರುವ ಓವರ್‌ಬರ್ಡನ್ ತೆಗೆಯದೆ ಕಲ್ಲಿದ್ದಲು ಹೇಗೆ ಸಿಗುತ್ತೆ? ತೆಗೆದದ್ದನ್ನು ಗುಡ್ಡೆ ಹಾಕಿ ಗಿಡ ನೆಡುತ್ತೇವೆ, ಅದನ್ನು ಯಾಕೆ ಬರೆಯಲಿಲ್ಲ? ನಿಮ್ಮ ಪತ್ರಿಕೆ ಅಚ್ಚಾಗೋದೂ ಕರೆಂಟಿನಿಂದಲೇ ಅಲ್ವಾ?"
– ಒಬ್ಬ ಹಳೆಯ ಚಂದಾದಾರ

ಉತ್ತರ: ಹೌದು ಹಿರಿಯರೇ, ಕರೆಂಟಿನಿಂದಲೇ. ಅದರಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದು. ಸುರಂಗದ ಮಾತೂ ನಿಜ. 1975ರ ಡಿಸೆಂಬರ್‌ನಲ್ಲಿ ಧನಬಾದ್ ಹತ್ತಿರದ ಚಾಸ್ನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಒಳಗೇ ಸತ್ತರು. ಸುರಂಗದ ಛಾವಣಿ ಕುಸಿಯದಿರಲಿ ಅಂತ ಕಲ್ಲಿದ್ದಲನ್ನೇ ಕಂಬವಾಗಿ ಬಿಟ್ಟು ಬರಬೇಕು. ಬಯಲಲ್ಲಿ ಅಗೆದರೆ ಬಹುಪಾಲು ಕೈಗೆ ಸಿಗುತ್ತದೆ. ಒಪ್ಪಿದೆ.

ಆದರೆ ನಾನು ನಿಮ್ಮ ಪತ್ರದ ಒಂದೇ ಒಂದು ಪದದ ಹತ್ತಿರ ಸಿಕ್ಕಿಬಿದ್ದೆ. ಓವರ್‌ಬರ್ಡನ್. ಕನ್ನಡದಲ್ಲಿ ಹೇಳಿದರೆ ಮೇಲಿನ ಹೊರೆ. ಯಾವುದಪ್ಪಾ ಆ ಹೊರೆ? ಕಲ್ಲಿದ್ದಲಿನ ಪದರದ ಮೇಲೆ ಇರುವುದೆಲ್ಲ. ಮೊದಲು ಬಂಡೆ, ಅದರ ಮೇಲೆ ಜೇಡಿ, ಅದರ ಮೇಲೆ ಹೊಲದ ಮಣ್ಣು. ಆ ಮಣ್ಣಿನ ಮೇಲೆ ಬಾವಿ, ಮರ, ಗುಡಿ, ಶಾಲೆ, ಸ್ಮಶಾನ. ಕೆಲಸಕ್ಕೆ ಬಾರದವನನ್ನು ನಾವು "ಕೂಳಿಗೆ ದಂಡ, ಭೂಮಿಗೆ ಭಾರ" ಅಂತ ಬೈಯುತ್ತೇವೆ. ಇಲ್ಲಿ ಕೂಳು ಕೊಡುವ ಭೂಮಿಯೇ ಭಾರ!

ಬಹಳ ವರ್ಷದ ಹಿಂದೆ ಇಂಥ ಒಂದು ಗಣಿ ನೋಡಲು ಹೋಗಿದ್ದೆ. ಅಂಚಿನಲ್ಲಿ ನಿಂತು ಒಬ್ಬ ಅಧಿಕಾರಿ ನಕ್ಷೆ ಹರಡಿ ವಿವರಿಸಿದರು. ಸೌಜನ್ಯದ ಮನುಷ್ಯ. ಮೊದಲು ಮರ ಕಡಿಯುತ್ತಾರೆ, ಮೇಲ್ಮಣ್ಣು ಕೆರೆಯುತ್ತಾರೆ. ಬಂಡೆಗೆ ಸಾಲು ಸಾಲು ತೂತು ಕೊರೆದು ಸ್ಫೋಟಕ ತುಂಬುತ್ತಾರೆ. ಸೈರನ್ ಕೂಗುತ್ತದೆ, ಸಿಡಿಸುತ್ತಾರೆ. ಒಡೆದದ್ದನ್ನು ಶೊವೆಲ್ ಯಂತ್ರ ಬಾಚಿ ಡಂಪರ್ ಲಾರಿಗೆ ಹಾಕುತ್ತದೆ, ಡಂಪರ್ ಅದನ್ನು ಗುಡ್ಡೆಗೆ ಸುರಿದು ಬರುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ಕರಿ ಪದರ. "ಆ ಕಡೆ ಇರೋದೆಲ್ಲ ಓಬಿ ಸಾರ್, ಎರಡು ವರ್ಷದಲ್ಲಿ ತೆಗೀತೀವಿ" ಅಂತ ಕೈ ಚಾಚಿದರು. ಓಬಿ ಅಂದರೆ ಅದೇ ಓವರ್‌ಬರ್ಡನ್. ಅವರು ತೋರಿಸಿದ ಕಡೆ ಒಬ್ಬ ಹೆಂಗಸು ಅಂಗಳದ ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ನಾನು ಅಲ್ಲಿ ಏನೂ ಕೇಳಲಿಲ್ಲ. ಸುಮ್ನೆ ಟೀ ಕುಡಿದು ಬಂದೆ. ಆ ನಾಚಿಕೆ ಇನ್ನೂ ಇದೆ, ಅದಕ್ಕೇ ಈ ಉದ್ದದ ಉತ್ತರ.

ಲೆಕ್ಕದ ಮನುಷ್ಯರಾದ ನಿಮಗೆ ಲೆಕ್ಕದಲ್ಲೇ ಹೇಳುತ್ತೇನೆ. 2023-24ರಲ್ಲಿ ಸರ್ಕಾರಿ ಕಂಪನಿ ಕೋಲ್ ಇಂಡಿಯಾ ತೆಗೆದ ಕಲ್ಲಿದ್ದಲು 77 ಕೋಟಿ ಟನ್ನಿಗೂ ಹೆಚ್ಚು. ಅದಕ್ಕಾಗಿ ಸರಿಸಿದ ಮಣ್ಣು, ಕಲ್ಲು 190 ಕೋಟಿ ಘನ ಮೀಟರಿಗೂ ಹೆಚ್ಚು. ಜರ್ಮನಿಯ ಹಾಂಬಾಖ್ ಗಣಿಯಲ್ಲಿ ಒಂದು ಟನ್ ಕಲ್ಲಿದ್ದಲಿಗೆ ಸುಮಾರು ಆರು ಘನ ಮೀಟರ್ ಮಣ್ಣು. ದೊಡ್ಡ ಚಕ್ರಕ್ಕೆ ಬಕೆಟ್ ಜೋಡಿಸಿದ ಅಲ್ಲಿನ ಅಗೆಯುವ ಯಂತ್ರ 13 ಸಾವಿರ ಟನ್ನಿಗೂ ಜಾಸ್ತಿ ತೂಗುತ್ತದೆ, ದಿನಕ್ಕೆ 2,40,000 ಘನ ಮೀಟರ್ ತೋಡಬಲ್ಲದು. ನೀವು ಕಲ್ಲಿದ್ದಲು ಗಣಿ ಅನ್ನುತ್ತೀರಿ. ಕೆಲಸದ ಪ್ರಮಾಣ ನೋಡಿದರೆ ಅದು ಮಣ್ಣು ಸಾಗಿಸುವ ಕಾರ್ಖಾನೆ. ಕಲ್ಲಿದ್ದಲು ಅದರ ಉಪ ಉತ್ಪನ್ನ!

ಉತ್ಪನ್ನ ಅಂದಾಗ ನೆನಪಾಯಿತು. "ಕಲ್ಲಿದ್ದಲು ಉತ್ಪಾದನೆ" ಅಂತ ನಾವು ಪತ್ರಕರ್ತರೂ ಬರೆಯುತ್ತೇವೆ. ಉತ್ಪಾದಿಸಿದ್ದು ಯಾರು? ನಮ್ಮ ದೇಶದ ಹೆಚ್ಚಿನ ಕಲ್ಲಿದ್ದಲು 25 ಕೋಟಿ ವರ್ಷಕ್ಕೂ ಹಿಂದಿನ ಕಾಡು ಮಾಡಿಟ್ಟದ್ದು. ನಾವು ತೆಗೆಯುವವರು, ಅಷ್ಟೆ.

ಗಿಡ ನೆಡುತ್ತೇವೆ ಅಂದಿರಿ. ನೆಡುತ್ತೀರಿ, ನೋಡಿದ್ದೇನೆ. ಹಾಂಬಾಖ್‌ನ ಮಣ್ಣು ಪೇರಿಸಿ ಮಾಡಿದ ಜೋಫಿಯನ್‌ಹೋಹೆ ಗುಡ್ಡ ಈಗ ಕಾಡಾಗಿದೆ, ಜನ ನಡೆದಾಡಲು ಹೋಗುತ್ತಾರೆ. ಚೆನ್ನಾಗಿದೆ. ಆದರೆ ಬಂಡೆಪುಡಿಯ ಗುಡ್ಡೆ ಹೊಲ ಆಗುವುದಿಲ್ಲ. ಕೆರೆದ ಮೇಲ್ಮಣ್ಣನ್ನು ಬೇರೆ ಇಟ್ಟು ಬೇಗ ಹರಡದೆ, ವರ್ಷಗಟ್ಟಲೆ ಎತ್ತರದ ರಾಶಿ ಹಾಕಿಟ್ಟರೆ ಒಳಗಿನ ಜೀವ ಸಾಯುತ್ತದೆ. ನೆಟ್ಟ ಗಿಡದ ಸಂಖ್ಯೆ ಫಲಕದ ಮೇಲೆ ಇರುತ್ತದೆ, ಬದುಕಿದ ಮಣ್ಣಿನ ಸಂಖ್ಯೆ ಯಾವ ಫಲಕದ ಮೇಲೂ ನನಗೆ ಕಂಡಿಲ್ಲ. ಅದೂ ಅಲ್ಲದೆ ಈ "ಹೊರೆ" ಇಟ್ಟ ಜಾಗದಲ್ಲೇ ಕೂರುವುದಿಲ್ಲ. 2016ರ ಡಿಸೆಂಬರ್ 29ರ ರಾತ್ರಿ ಜಾರ್ಖಂಡ್‌ನ ರಾಜಮಹಲ್ ಗಣಿಯಲ್ಲಿ ನಿಮ್ಮ ಓಬಿಯೇ ಜಾರಿ 23 ಕಾರ್ಮಿಕರು ಸತ್ತರು. ಸುರಂಗದಲ್ಲಲ್ಲ ಸ್ವಾಮಿ, ತೆರೆದ ಗಣಿಯಲ್ಲಿ.

ನೀರಿನ ವಿಷಯವನ್ನು ನೀವು ಎತ್ತಲೇ ಇಲ್ಲ. ಗುಂಡಿ ಅಂತರ್ಜಲಕ್ಕಿಂತ ಕೆಳಗೆ ಇಳಿದ ದಿನದಿಂದ ಪಂಪು ನಿಲ್ಲುವ ಹಾಗಿಲ್ಲ, ನಿಂತರೆ ಗಣಿಯೇ ಕೆರೆ. ಸುತ್ತಲಿನ ಬಾವಿಗಳ ನೀರು ಆ ಕಡೆಗೇ ಜಗ್ಗುತ್ತದೆ. ಬಾವಿ ಬತ್ತಿದವನಿಗೆ "ಈ ಸಲ ಮಳೆ ಕಡಿಮೆ" ಅಂತ ಉತ್ತರ ಸಿಗುತ್ತದೆ. ಕೆಲವೊಮ್ಮೆ ಮಳೆಯೂ ಕಡಿಮೆ ಇರುತ್ತದೆ, ಅದೇ ಕಷ್ಟ. ಹಾಂಬಾಖ್‌ನ 400 ಮೀಟರ್ ಆಳದ ಹೊಂಡಕ್ಕೆ ಮುಂದೆ ರೈನ್ ನದಿಯ ನೀರು ಬಿಡುತ್ತಾರಂತೆ. ತುಂಬಲು ಸುಮಾರು 40 ವರ್ಷ ಬೇಕು.

ಇನ್ನು ಸ್ಫೋಟ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ನಿಮಗೆ ಬಾಯಿಪಾಠ ಇರಬೇಕು. ಸಿಡಿಸಿದಾಗ ನೆಲ ಅಲುಗುವ ವೇಗಕ್ಕೆ ಅದರಲ್ಲಿ ಮಿತಿ ಇದೆ. ಕಂಪನದ ಆವರ್ತನ (ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಅನ್ನುವುದು) ಕಡಿಮೆ ಇದ್ದಾಗ ಹೊರಗಿನವರ ಮನೆಗೆ ಸೆಕೆಂಡಿಗೆ 5 ಮಿಲಿಮೀಟರ್. ಚಾರಿತ್ರಿಕ ಕಟ್ಟಡಕ್ಕೆ 2. ಗಣಿಯವರದೇ ಆದ, ಹೆಚ್ಚು ಕಾಲ ಇರದ ಮನೆಗೆ 10. ಸ್ಮಾರಕದ ಗೋಡೆ ಸೂಕ್ಷ್ಮ, ನಿಜ. ಆದರೆ ಮಣ್ಣಿನ ಗೋಡೆಯ ಮನೆಗೂ ಇಟ್ಟಿಗೆ ಸಿಮೆಂಟಿನ ಮನೆಗೂ ಒಂದೇ 5 ಯಾಕೆ? ಇದಕ್ಕೆ ಉತ್ತರ ನಿಮ್ಮಂಥವರೇ ಕೊಡಬೇಕು.

ಪದದ ಜಗಳ ಅಂತ ನಗಬೇಡಿ. ಮೊದಲು ಪದ ಬರುತ್ತದೆ, ಹಿಂದೆಯೇ ಯಂತ್ರ ಬರುತ್ತದೆ. ದನ ಮೇಯುವ ಜಾಗವನ್ನು ದಾಖಲೆಯಲ್ಲಿ "ಪಾಳು" ಅಂತ ಬರೆದರೆ ಅರ್ಧ ಕೆಲಸ ಆದ ಹಾಗೆ. ಬಸ್ ಸ್ಟಾಪನ್ನು ನೂರು ಅಡಿ ಆಚೆ ಇಟ್ಟರೂ "ಸ್ಥಳಾಂತರ", ಇಡೀ ಊರನ್ನು ಕಿತ್ತರೂ "ಸ್ಥಳಾಂತರ". ಮಧ್ಯಪ್ರದೇಶ, ಉತ್ತರ ಪ್ರದೇಶದ ಗಡಿಯ ಸಿಂಗ್ರೌಲಿಯ ಕೆಲವು ಕುಟುಂಬಗಳು 1960ರ ಸುಮಾರಿಗೆ ರಿಹಂದ್ ಅಣೆಕಟ್ಟಿಗಾಗಿ ಎದ್ದವು, ಆಮೇಲೆ ಗಣಿಗೆ, ಆಮೇಲೆ ವಿದ್ಯುತ್ ಸ್ಥಾವರಕ್ಕೆ. ಮೂರು ಸಲ ಎದ್ದವನಿಗೆ ಇಟ್ಟಿರುವ ಹೆಸರು "ಯೋಜನಾ ಬಾಧಿತ". ನೆಗಡಿ ಬಾಧಿತ ಅಂದ ಹಾಗೆ.

ಬಡವರ ದೇಶದಲ್ಲಿ ಮಾತ್ರ ಹೀಗೆ ಅಂದುಕೊಂಡಿದ್ದೆ, ಅಲ್ಲ. ಜರ್ಮನಿಯ ಗಾರ್ಟ್ಸ್‌ವೈಲರ್ ಗಣಿಗಾಗಿ ಇಮ್ಮೆರಾತ್ ಊರಿನ ಹಳೆಯ ಚರ್ಚನ್ನು 2018ರ ಜನವರಿಯಲ್ಲಿ ಕೆಡವಿದರು. ಸಮಾಧಿಗಳನ್ನೂ ಹೊಸ ಊರಿಗೆ ಒಯ್ದರು. ಅದೇ ಗಣಿಯ ಅಂಚಿನ ಇನ್ನೂ ಐದು ಊರು ಅಗೆಯುವ ಪಟ್ಟಿಯಲ್ಲಿದ್ದವು. 2022ರಲ್ಲಿ ಸರ್ಕಾರ, "ಬೇಡ, ಆ ಊರುಗಳು ಇರಲಿ" ಅಂದಿತು. ಅಷ್ಟು ಹೊತ್ತಿಗೆ ಹೆಚ್ಚಿನ ಜನ ಮನೆ ಮಾರಿ ಹೋಗಿದ್ದರು. ಮನೆಗಳು ಉಳಿದವು, ಹೆಚ್ಚಿನವಕ್ಕೆ ಬೀಗ ಬಿದ್ದಿತ್ತು.

ಹಿರಿಯರೇ, ನೀವು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಬೈಯಬೇಕು ಅಂತ ಕೂತು ಒಂಬತ್ತು ಪುಟ ಯಾರು ಬರೆಯುತ್ತಾರೆ? ಪ್ರೀತಿ ಇದ್ದವರು ಮಾತ್ರ. ಆ ಒಂಬತ್ತರಲ್ಲಿ ನಾನು ಅಚ್ಚು ಹಾಕಿದ್ದು ಒಂದು ಪ್ಯಾರಾ. ಮೇಲಿನದನ್ನೆಲ್ಲ ತೆಗೆದು ನನಗೆ ಬೇಕಾದಷ್ಟೇ ಇಟ್ಟುಕೊಂಡೆ. ನಾನೂ ನಿಮ್ಮ ಕಸುಬಿನವನೇ ಅಲ್ವಾ?

ಆದ್ದರಿಂದ ಇನ್ನೊಂದು ಪತ್ರ ಬರೆಯಿರಿ. ನೀವು 31 ವರ್ಷ ಇಳಿದ ಆ ಗುಂಡಿಯ ಮೇಲೆ ಮೊದಲು ಏನಿತ್ತು? ಊರಿನ ಹೆಸರೇನು, ಯಾವ ಬೆಳೆ, ಬಾವಿ ಎಷ್ಟಿದ್ದವು? ಮೊದಲ ದಿನ ಸರ್ವೆ ಕಲ್ಲು ನೆಟ್ಟಾಗ ನಿಮಗೆ ನೀರು ಕೊಟ್ಟವರು ಯಾರು? ಈ ಸಲ ಒಂದು ಸಾಲೂ ಕತ್ತರಿಸುವುದಿಲ್ಲ.
– ಸಂಪಾದಕ