ಎರೆ ಹೊಲ, ಮುರ್ರಂ ನೆಲ ಮತ್ತು ಮೆಟಲ್ ಡಿಟೆಕ್ಟರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಎಂಟು ಎಕರೆ ತೊಗರಿ ಹೊಲ. ನೇಗಿಲು ಹೊಡೆಯುವಾಗ ನಿಜಾಮರ ಕಾಲದ ತಾಮ್ರದ ದುಡ್ಡು ಆಗಾಗ ಸಿಗುತ್ತವೆ. ಸ್ವಂತ ಹೊಲದಲ್ಲಿ ಹುಡುಕಲು ಎಂಥ ಡಿಟೆಕ್ಟರ್ ಕೊಳ್ಳಬೇಕು? ಅಂಗಡಿಯವರು ‘ಮೂರು ಮೀಟರ್ ಆಳದ್ದೇ ತಗೊಳ್ರಿ’ ಅಂತಾರೆ.
– ಓದುಗರು, ಚಿತ್ತಾಪುರ

ಉತ್ತರ: ಸಿಕ್ಕಿದ್ದನ್ನು ಏನು ಮಾಡಬೇಕೆಂಬುದು ಕೆಳಗೆ ಸನ್ನತಿಯ ಪ್ರಶ್ನೆಯಲ್ಲಿದೆ. ಹಣ ಕೊಡುವ ಮೊದಲು ಅದನ್ನು ಓದಿ.

ಮೂರು ಮೀಟರ್ ಎಂಬ ಲೆಕ್ಕ ಡ್ರಮ್ಮು, ಕೊಳವೆ, ಕೊಪ್ಪರಿಗೆಯಂಥ ದೊಡ್ಡ ಲೋಹಕ್ಕೆ ಸರಿ. ಒಂಟಿ ನಾಣ್ಯವನ್ನು ಒಳ್ಳೆಯ ಯಂತ್ರವೂ ಒಂದು ಗೇಣು, ಹೆಚ್ಚೆಂದರೆ ಒಂದಡಿ ಆಳದವರೆಗೆ ಹಿಡಿಯುತ್ತದೆ. ಅದಕ್ಕಿಂತ ಕೆಳಗಿನದು ನಿಮಗೆ ನೇಗಿಲಿನಿಂದಲೇ ಸಿಗಬೇಕು. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ದುಡ್ಡು ಬಿರುಕಿನೊಳಗೆ ಜಾರುತ್ತದೆ, ಮಳೆಗೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಳ ಉಳುಮೆ ಮಾಡಿದಾಗ ಮಾತ್ರ ಅದು ಮತ್ತೆ ಮೇಲೆ ಬರುತ್ತದೆ. ಹೀಗಾಗಿ ರಂಟೆ ಹೊಡೆದು, ಒಂದು ಮಳೆಗೆ ಹೆಂಟೆ ಒಡೆದು ಕೂತ ನೆಲವೇ ಹುಡುಕಲು ಅನುಕೂಲ. ತೊಗರಿ ಕೂಳೆ ನಿಂತ ಹೊಲದಲ್ಲಿ ಕಾಯಿಲ್ (ಯಂತ್ರದ ತುದಿಯಲ್ಲಿ ನೆಲದ ಮೇಲೆ ಆಡಿಸುವ ತಟ್ಟೆ) ಐದಾರು ಇಂಚು ಮೇಲೇ ಓಡಾಡುತ್ತದೆ. ಅಷ್ಟೂ ಆಳ ಕಳೆದುಕೊಂಡಂತೆ.

ನಿಮ್ಮ ಕೆಲಸಕ್ಕೆ ಬೇಕಾದದ್ದು ವಿ.ಎಲ್.ಎಫ್., ಅಂದರೆ ಕಡಿಮೆ ಫ್ರೀಕ್ವೆನ್ಸಿಯ ಅಲೆಯನ್ನು ಸತತವಾಗಿ ಬಿಡುವ ಜಾತಿಯ ಯಂತ್ರ. ಅಲೆಯನ್ನು ಬಿಟ್ಟುಬಿಟ್ಟು ಕಳಿಸುವ ಪಲ್ಸ್ ಇಂಡಕ್ಷನ್ ಜಾತಿಯದು ಖನಿಜ ಹೆಚ್ಚಿರುವ ನೆಲದಲ್ಲಿ ಆಳಕ್ಕಿಳಿಯುತ್ತದೆ ನಿಜ, ಆದರೆ ಕಬ್ಬಿಣ ಯಾವುದು, ತಾಮ್ರ ಯಾವುದು ಎಂದು ಸರಿಯಾಗಿ ಬೇರ್ಪಡಿಸುವುದಿಲ್ಲ. ಎತ್ತಿನ ನಾಲು, ಅದರ ಮೊಳೆ, ಬಂಡಿಯ ಪಟ್ಟಿಯ ಚೂರು ತಲೆಮಾರುಗಳಿಂದ ಬಿದ್ದಿರುವ ಹೊಲದಲ್ಲಿ ಅದನ್ನು ಹಿಡಿದರೆ ದಿನವಿಡೀ ಮೊಳೆ ಅಗೆಯಬೇಕಾಗುತ್ತದೆ.

ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಖನಿಜವನ್ನು ಲೆಕ್ಕದಿಂದ ಕಳೆಯುವ ವ್ಯವಸ್ಥೆ, ಇದೆಯೇ ಎಂಬುದು. ಬಸಾಲ್ಟ್ ಕಲ್ಲು ಕರಗಿ ಆದ ಎರೆ ಮಣ್ಣಿನಲ್ಲಿ ಅಯಸ್ಕಾಂತೀಯ ಖನಿಜ ಹೆಚ್ಚು. ಅದನ್ನು ಲೆಕ್ಕದಿಂದ ಕಳೆಯದಿದ್ದರೆ ಯಂತ್ರ ಮಣ್ಣಿಗೇ ಕೂಗುತ್ತದೆ. ಗ್ಯಾರೆಟ್ ಏಸ್ 300 (ಫ್ರೀಕ್ವೆನ್ಸಿ 8 ಕಿಲೋಹರ್ಟ್ಸ್) ಹಗುರ, ಕಲಿಯಲು ಸುಲಭ, ಆದರೆ ಅದರ ಗ್ರೌಂಡ್ ಬ್ಯಾಲೆನ್ಸ್ ಕಾರ್ಖಾನೆಯಲ್ಲೇ ಕಟ್ಟಿಟ್ಟದ್ದು, ನಮ್ಮ ನೆಲಕ್ಕೆ ತಿದ್ದಲು ಬರುವುದಿಲ್ಲ. ಗ್ಯಾರೆಟ್ ಎ.ಟಿ. ಪ್ರೊ (15 ಕಿಲೋಹರ್ಟ್ಸ್), ನೋಕ್ಟಾ ಸಿಂಪ್ಲೆಕ್ಸ್ (12 ಕಿಲೋಹರ್ಟ್ಸ್) ಇವುಗಳಲ್ಲಿ ತಿದ್ದಬಹುದು. ಮೈನ್‌ಲ್ಯಾಬ್ ವ್ಯಾನ್‌ಕ್ವಿಶ್ ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿ ಬಿಟ್ಟು ನೆಲವನ್ನು ತಾನೇ ಅಂದಾಜು ಮಾಡುತ್ತದೆ. ಅದೇ ಕಂಪನಿಯ ಈಕ್ವಿನಾಕ್ಸ್‌ನಲ್ಲಿ ಹಲವು ಫ್ರೀಕ್ವೆನ್ಸಿಯೂ ಇದೆ, ಕೈಯಿಂದ ತಿದ್ದಲೂ ಬರುತ್ತದೆ, ಬೆಲೆಯೂ ಹಾಗೇ ಏರುತ್ತದೆ. ಮೊದಲ ಯಂತ್ರ ಎಂದಾದರೆ ನಾವು ತಿದ್ದಲು ಬರುವ, 12ರಿಂದ 15 ಕಿಲೋಹರ್ಟ್ಸಿನ ಯಂತ್ರವನ್ನೇ ಆರಿಸುತ್ತೇವೆ. ಕಾಯಿಲ್ 11 ಇಂಚಿನ ಡಬಲ್-ಡಿ (ಒಳಗೆ ಡಿ ಆಕಾರದ ಎರಡು ಸುರುಳಿ ಇರುವಂಥದ್ದು) ಇರಲಿ. ಹಳೆಯ ಊರ ಜಾಗದಲ್ಲಿ, ಕಸ ಹೆಚ್ಚಿರುವ ಕಡೆ, 6 ಇಂಚಿನದು ಮೇಲು. ಎರಡು ಮೊಳೆಗಳ ನಡುವಿನ ದುಡ್ಡನ್ನು ದೊಡ್ಡ ಕಾಯಿಲ್ ಬೇರೆಯಾಗಿ ಕಾಣುವುದಿಲ್ಲ.

ಬಜೆಟ್ಟನ್ನೆಲ್ಲ ಯಂತ್ರಕ್ಕೇ ಸುರಿಯಬೇಡಿ. ಅಗೆದ ಮಣ್ಣಿನಲ್ಲಿ ಲೋಹದ ಜಾಗ ತೋರಿಸುವ, ಕೈಯಲ್ಲಿ ಹಿಡಿಯುವ ಪುಟ್ಟ ಪಿನ್‌ಪಾಯಿಂಟರ್ ಇಲ್ಲದಿದ್ದರೆ ಒಂದು ದುಡ್ಡಿಗೆ ಒಂದು ಬುಟ್ಟಿ ಮಣ್ಣು ಹಿಸುಕಬೇಕಾಗುತ್ತದೆ. ಎರೆ ಮಣ್ಣು ಹಸಿಯಿದ್ದಾಗಂತೂ ಕೈಗೇ ಮೆತ್ತಿಕೊಳ್ಳುತ್ತದೆ.

ಇನ್ನು ಡಿಸ್ಕ್ರಿಮಿನೇಶನ್, ಅಂದರೆ ಬೇಡದ ಲೋಹಕ್ಕೆ ಕೂಗದಂತೆ ಮಾಡುವುದು. ತೆರೆಯ ಮೇಲಿನ ಅಂಕಿ ಲೋಹದ ವಿದ್ಯುತ್ ವಾಹಕತೆ ಮತ್ತು ಗಾತ್ರ ಎರಡನ್ನೂ ಸೇರಿಸಿ ಬರುವುದು. ನಿಜಾಮರ ಚಾರ್‌ಮಿನಾರ್ ಬೆಳ್ಳಿ ರೂಪಾಯಿ, ದಪ್ಪ ತಾಮ್ರದ ದುಡ್ಡು ಮೇಲಿನ ಅಂಕಿಗೆ ಹೋಗುತ್ತವೆ. ಸೀಸ, ಚಿಕ್ಕ ಬಂಗಾರ ಎರಡೂ ಗುಳಿಗೆ ಪಟ್ಟಿಯ ಅಲ್ಯೂಮಿನಿಯಂ ಹಾಳೆಯ ಅಂಕಿಗಳ ಸುತ್ತಮುತ್ತಲೇ ಕೂರುತ್ತವೆ. ‘ಹಾಳೆ ಬೇಡ’ ಎಂದು ಆ ಭಾಗವನ್ನು ಮುಚ್ಚಿದರೆ ಅವೂ ಹೋದವು. ಕಬ್ಬಿಣ ಮುಚ್ಚಿದರೆ ನಷ್ಟ ಕಡಿಮೆ. ಆದರೆ 1988ರಿಂದ ಬಂದ 10, 25, 50 ಪೈಸೆ, 1992ರಿಂದ ಬಂದ 1 ರೂಪಾಯಿ ಸ್ಟೇನ್‌ಲೆಸ್ ಸ್ಟೀಲಿನವು, ಅಯಸ್ಕಾಂತಕ್ಕೆ ಅಂಟುತ್ತವೆ. ಅವನ್ನು ಯಂತ್ರ ಕಬ್ಬಿಣವೆಂದೇ ಬಿಟ್ಟುಬಿಡಬಹುದು.

ಪ್ರಶ್ನೆ: ಬೀದರಿನ ಕೆಂಪು ಮುರ್ರಂ ನೆಲದಲ್ಲಿ ನನ್ನ ಡಿಟೆಕ್ಟರ್ ಸುಮ್ಮನಿರುವುದೇ ಇಲ್ಲ, ಹೆಜ್ಜೆಗೊಮ್ಮೆ ಕೂಗುತ್ತದೆ. ಅಗೆದರೆ ಏನೂ ಇಲ್ಲ. ಕೆಟ್ಟಿದೆಯೇ?
– ಓದುಗರು, ಬೀದರ್

ಉತ್ತರ: ಕೆಟ್ಟಿರಲಿಕ್ಕಿಲ್ಲ. ಬೀದರ್ ಪ್ರಸ್ಥಭೂಮಿಯ ಜಂಬಿಟ್ಟಿಗೆ ಕಲ್ಲೇ ಕಬ್ಬಿಣದ ಆಕ್ಸೈಡಿನ ಗಡ್ಡೆ, ಆ ಕೆಂಪು ಅದರದೇ. ಮೊದಲು ಕಾಯಿಲ್ಲನ್ನು ಎದೆಮಟ್ಟಕ್ಕೆ ಎತ್ತಿ ಅಲುಗಾಡಿಸದೆ ಹಿಡಿಯಿರಿ. ಆಗಲೂ ಕೂಗಿದರೆ ತಪ್ಪು ನೆಲದ್ದಲ್ಲ. ಮೇಲೆ ವಿದ್ಯುತ್ ತಂತಿ, ಪಂಪ್‌ಸೆಟ್ಟಿನ ಸ್ಟಾರ್ಟರ್ ಅಥವಾ ನಿಮ್ಮ ಜೇಬಿನ ಮೊಬೈಲ್ ಇದ್ದೀತು. ಫ್ರೀಕ್ವೆನ್ಸಿಯನ್ನು ಒಂದು ಹೆಜ್ಜೆ ಬದಲಿಸಿ, ಅಥವಾ ಜಾಗ ಬಿಡಿ.

ಮೇಲೆತ್ತಿದಾಗ ಸುಮ್ಮನಾದರೆ ನೆಲ ತಿದ್ದಿ. ಡಿಸ್ಕ್ರಿಮಿನೇಶನ್ ತೆಗೆದು ಎಲ್ಲ ಲೋಹವನ್ನೂ ಹಿಡಿಯುವ ಮೋಡ್‌ಗೆ ಹಾಕಿ, ಕೆಳಗೆ ಲೋಹವಿಲ್ಲದ ಜಾಗ ಹುಡುಕಿ. ಗ್ರೌಂಡ್ ಬ್ಯಾಲೆನ್ಸ್ ಗುಂಡಿ ಒತ್ತಿಹಿಡಿದು ಕಾಯಿಲ್ಲನ್ನು ನೆಲದಿಂದ ಒಂದು ಇಂಚಿನಿಂದ ಏಳೆಂಟು ಇಂಚಿನವರೆಗೆ ನೀರು ಸೇದುವ ಹಾಗೆ ಮೇಲೆ ಕೆಳಗೆ ಆಡಿಸಿ. ಇಳಿಸಿದಾಗಲೂ ಎತ್ತಿದಾಗಲೂ ಸದ್ದು ಒಂದೇ ಆದಾಗ ಗುಂಡಿ ಬಿಡಿ. ಕೆಳಗೊಂದು ಮೊಳೆ ಇದ್ದರೆ ಯಂತ್ರ ಮೊಳೆಯನ್ನೇ ನೆಲವೆಂದು ಓದಿಕೊಳ್ಳುತ್ತದೆ, ಆಮೇಲೆ ಇಡೀ ಹೊಲ ಸುಳ್ಳು ಹೇಳುತ್ತದೆ. ಮುರ್ರಂ ಮುಗಿದು ಕಪ್ಪು ಮಣ್ಣು ಶುರುವಾದಲ್ಲಿ ಮತ್ತೆ ತಿದ್ದಬೇಕು.

ಸೆನ್ಸಿಟಿವಿಟಿಯನ್ನು ತುದಿಗೆ ಇಟ್ಟಿದ್ದರೆ ಮೂರರಲ್ಲೊಂದು ಪಾಲು ಇಳಿಸಿ. ಇಂಥ ನೆಲದಲ್ಲಿ ಇಳಿಸಿದರೆ ಆಳ ಹೆಚ್ಚುವುದೂ ಉಂಟು, ಗದ್ದಲ ಕಡಿಮೆಯಾಗಿ ದುಡ್ಡಿನ ಸಣ್ಣ ಸದ್ದು ಕೇಳಿಸುತ್ತದೆ. ಎಲ್ಲರೂ ಮರೆಯುವುದು ಕಾಯಿಲ್ಲಿನ ಪ್ಲಾಸ್ಟಿಕ್ ಕವಚ. ಅದನ್ನು ಬಿಚ್ಚಿ ನೋಡಿ, ಒಳಗೆ ಕೂತ ಕೆಂಪು ಧೂಳನ್ನು ತೊಳೆಯಿರಿ. ವೈರನ್ನು ಕೋಲಿಗೆ ಬಿಗಿಯಾಗಿ ಸುತ್ತಿ, ಜೋಲಾಡಿದರೂ ಕೂಗುತ್ತದೆ.

ಪ್ರಶ್ನೆ: ನಮ್ಮ ಕಾಕಾ ಒಬ್ಬರ ಮಾತು ಕೇಳಿ ಎರಡು ಆಂಟೆನಾ ಇರುವ ‘ಲಾಂಗ್ ರೇಂಜ್’ ಯಂತ್ರಕ್ಕೆ ಮುಂಗಡ ಕೊಡಲು ಹೊರಟಿದ್ದಾರೆ. ಬಂಗಾರವಿದ್ದ ಕಡೆಗೆ ಕಡ್ಡಿ ತಾನೇ ತಿರುಗುತ್ತದಂತೆ.
– ಓದುಗರು, ಶಹಾಪುರ

ಉತ್ತರ: ಕೊಡಲು ಬಿಡಬೇಡಿ. ಕಡ್ಡಿ ತಿರುಗಿಸುವುದು ಹಿಡಿದವರ ಮಣಿಕಟ್ಟು. ನೂರು ಮೀಟರ್ ದೂರದ ಬಂಗಾರವನ್ನು ಬೇರೆ ಲೋಹದಿಂದ ಬೇರ್ಪಡಿಸಿ ತೋರಿಸುವ ಯಂತ್ರ ಇಲ್ಲ. ಇದೇ ತರಹದ ಕಡ್ಡಿಯನ್ನು ‘ಬಾಂಬ್ ಪತ್ತೆ ಯಂತ್ರ’ವೆಂದು ಇರಾಕಿಗೆ ಮಾರಿದವನಿಗೆ 2013ರಲ್ಲಿ ಬ್ರಿಟನ್ನಿನಲ್ಲಿ 10 ವರ್ಷ ಜೈಲಾಯಿತು.

ಕಾಕಾ ಅವರಿಗೆ ಜಗಳವಾಡಿ ಹೇಳುವುದಕ್ಕಿಂತ ಪರೀಕ್ಷೆ ಮಾಡಿಸಿ. ಒಂದೇ ತರಹದ ಹತ್ತು ಡಬ್ಬಿ, ಒಂದರೊಳಗೆ ಉಂಗುರ. ಇಟ್ಟವರು ಅಲ್ಲಿಂದ ಎದ್ದು ಹೋಗಲಿ, ಯಾವುದರಲ್ಲಿದೆ ಎಂದು ಗೊತ್ತಿರುವವರು ಯಾರೂ ಹತ್ತಿರ ಇರಬಾರದು. ಮಾರುವವರು ಡಬ್ಬಿ ತೋರಿಸಲಿ. ಹೀಗೆ ಹತ್ತು ಸಲ. ಊಹೆಯಿಂದಲೇ ಒಂದೆರಡು ಸಲ ಸರಿಯಾಗುತ್ತದೆ, ಹತ್ತಕ್ಕೆ ಒಂಬತ್ತು ಬಂದರೆ ಆಗ ಮಾತಾಡೋಣ. ‘ಭೂಮಿಯೊಳಗೆ ಹಳೆಯದಾದ ಬಂಗಾರಕ್ಕೆ ಮಾತ್ರ’ ಎಂಬ ನೆಪ ಬರುತ್ತದೆ, ತಯಾರಿರಿ. ಅಕ್ಕಿ ಕಾಳನ್ನು ತಾನೇ ಎಳೆಯುತ್ತದೆಂದು ಚೊಂಬು ಮಾರುವ ಮೋಸಗಾರರ ನೆಪಗಳೂ ಇದೇ ಅಂಗಡಿಯವು.

ಪ್ರಶ್ನೆ: ಸನ್ನತಿಯ ಸುತ್ತ ಭೀಮಾ ದಂಡೆಯಲ್ಲಿ ಸೀಸದ ನಾಣ್ಯ ಸಿಗುತ್ತವೆ ಎನ್ನುತ್ತಾರೆ. ಡಿಟೆಕ್ಟರ್ ಒಯ್ಯಬಹುದೇ? ಸ್ವಂತ ಹೊಲದಲ್ಲಿ ಸಿಕ್ಕರೆ ನಮ್ಮದೇ ಅಲ್ಲವೇ?
– ಓದುಗರು, ಶಹಾಬಾದ್

ಉತ್ತರ: ಸನ್ನತಿಗೆ ಬೇಡ. ಅದು ಹಳೆಯ ಬೌದ್ಧ ನೆಲೆ, ಸಂರಕ್ಷಿತ ಜಾಗ. ಅಂಥಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅಪರಾಧ. ಸ್ಮಾರಕಕ್ಕೆ ಹಾನಿ ಮಾಡಿದರೆ 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಬೀದರ್, ಕಲಬುರಗಿ ಕೋಟೆ, ಅಷ್ಟೂರಿನ ಗೋರಿಗಳಿಗೂ ಇದೇ ಮಾತು. ಕಾನೂನು ಬದಿಗಿಟ್ಟು ನೋಡಿದರೂ ಲೆಕ್ಕ ಸರಿಹೋಗುವುದಿಲ್ಲ. ಸಾತವಾಹನರ ಸೀಸದ ನಾಣ್ಯ ಯಾವ ಪದರದಲ್ಲಿ, ಯಾವ ಇಟ್ಟಿಗೆಯ ಪಕ್ಕ ಇತ್ತು ಎಂಬುದರಿಂದಲೇ ಸನ್ನತಿ ಪಕ್ಕದ ಕನಗನಹಳ್ಳಿ ಸ್ತೂಪದಂಥ ಜಾಗದ ಕಾಲ ನಿರ್ಧಾರವಾಗುತ್ತದೆ. ಕುರ್ಪಿಯಿಂದ ಕಿತ್ತ ಮೇಲೆ ಅದು ಬರೀ ಸೀಸ.

ಸ್ವಂತ ಹೊಲದ್ದೂ ‘ನಮ್ಮದೇ’ ಅಲ್ಲ. ನಮ್ಮ ರಾಜ್ಯಕ್ಕೆ 1962ರ ನಿಧಿ ಕಾಯ್ದೆ ಇದೆ, ಅದಕ್ಕೂ ಹಿಂದಿನದು 1878ರ ಭಾರತೀಯ ನಿಧಿ ಕಾಯ್ದೆ. ನೆಲದಲ್ಲಿ ಅಡಗಿದ್ದ ಬೆಲೆಯುಳ್ಳ ವಸ್ತುವೆಲ್ಲ ನಿಧಿಯೇ. ತಿಳಿಸಲೇಬೇಕು ಎನ್ನಲು 1878ರ ಕಾಯ್ದೆ ಹಾಕಿದ ಬೆಲೆಯ ಮಿತಿ ಬರೀ 10 ರೂಪಾಯಿ. ಸಿಕ್ಕದ್ದೇನು, ಎಷ್ಟು, ಎಲ್ಲಿ, ಯಾವ ದಿನ ಎಂದು ಬರೆದು ಜಿಲ್ಲಾಧಿಕಾರಿಗೆ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಎತ್ತುವ ಮೊದಲು ಇದ್ದ ಜಾಗದಲ್ಲೇ ಪಕ್ಕಕ್ಕೊಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಮಡಕೆ ಕಂಡರೆ ಎತ್ತಲೇಬೇಡಿ, ಮಣ್ಣು ಮುಚ್ಚಿ ತಹಶೀಲ್ದಾರರಿಗೆ ತಿಳಿಸಿ. ಬಚ್ಚಿಟ್ಟರೆ ಶಿಕ್ಷೆ ಇದೆ. ಕಳೆದುಹೋದ ಮೂಗುತಿ, ಕಾಲುಂಗುರ, ಟ್ರ್ಯಾಕ್ಟರಿನ ಬೋಲ್ಟು, ಹೂತ ಕಬ್ಬಿಣದ ಕೊಳವೆ ಹುಡುಕಲು ಇದ್ಯಾವುದರ ತಂಟೆಯೂ ಇಲ್ಲ.

ಪ್ರಶ್ನೆ: ತಾಮ್ರದ ದುಡ್ಡಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಬಹುದೇ?
– ಓದುಗರು, ಆಳಂದ

ಉತ್ತರ: ಬೇಡವೇ ಬೇಡ. ಹುಣಸೆಯ ಹುಳಿ ಹಸಿರು ಪದರದ ಜೊತೆಗೆ ಅಕ್ಷರವನ್ನೂ ತಿನ್ನುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ, ಮಣ್ಣು ಬಿಟ್ಟ ಮೇಲೆ ನೆರಳಲ್ಲಿ ಒಣಗಿಸಿ. ಜಿಲ್ಲಾಧಿಕಾರಿಗೆ ಒಪ್ಪಿಸಬೇಕಾದದ್ದನ್ನು ಅದನ್ನೂ ಮಾಡದೆ ಮಣ್ಣಿನ ಸಮೇತ ಕೊಡಿ. ಒರೆಸಿದ ಮೇಲೂ ತಿಳಿ ಹಸಿರು ಪುಡಿ ಮತ್ತೆ ಮತ್ತೆ ಬಂದರೆ ಒಳಗೆ ಕ್ಲೋರೈಡ್ ಸೇರಿದೆ ಎಂದರ್ಥ, ಅಂಥದ್ದನ್ನು ಉಳಿದ ದುಡ್ಡುಗಳಿಂದ ದೂರ, ತೇವವಿಲ್ಲದ ಡಬ್ಬಿಯಲ್ಲಿಡಿ. ಸೀಸದ್ದನ್ನು ಮಾತ್ರ ಮರದ ಪೆಟ್ಟಿಗೆಯಲ್ಲಿಡಬಾರದು, ಮರದಿಂದ ಹೊರಡುವ ಹುಳಿ ಆವಿಗೆ ಅದು ಬಿಳಿ ಪುಡಿಯಾಗಿ ಉದುರುತ್ತದೆ.